ಚುಚ್ಚಕ್ಕನ ಎಡಗಿವಿ

ಆರೋಗ್ಯ ಕೇಂದ್ರದ ಹಿರಿಯ ನರ್ಸಿಗೆ ಚುಚ್ಚಕ್ಕ ಎಂಬ ಹೆಸರು ಕೊಟ್ಟದ್ದು ಎರಡು ವರ್ಷದ ಒಂದು ಹೆಣ್ಣುಮಗು. ತೋಳಿಗೆ ಸೂಜಿ ತಾಗಿದ ಸಿಟ್ಟಿಗೆ ಅಮ್ಮನ ಹೆಗಲ ಮೇಲಿಂದಲೇ ಬೆರಳು ತೋರಿಸಿ, “ಕೆಟ್ಟ ಚುಚ್ಚಕ್ಕ” ಎಂದು ಬೈದು ಹೋಗಿತ್ತು. ಆ ಮಗು ಬೆಳೆದು, ಮದುವೆಯಾಗಿ, ತನ್ನ ಮಗುವನ್ನು ಎತ್ತಿಕೊಂಡು ಅದೇ ಬೆಂಚಿನ ಮೇಲೆ ಬಂದು ಕುಳಿತದ್ದೂ ಆಯಿತು. ಅಷ್ಟರಲ್ಲಿ ಕೆಟ್ಟ ಎನ್ನುವುದು ಎಲ್ಲೋ ಉದುರಿಹೋಗಿ ಚುಚ್ಚಕ್ಕ ಎನ್ನುವುದಷ್ಟೇ ಉಳಿದಿತ್ತು. ಡಾಕ್ಟರೂ ಹಾಗೇ ಕರೆಯುತ್ತಿದ್ದರು, ಎದುರಿನ ಔಷಧಿ ಅಂಗಡಿಯವನೂ ಹಾಗೇ ಕರೆಯುತ್ತಿದ್ದ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಅವಳ ಗಂಡನಿಗೆ ಬೀದಿಯ ಮಕ್ಕಳು ಚುಚ್ಚುಮಾವ ಎಂದು ಹೆಸರಿಟ್ಟು, ಅವನ ಜೇಬಿನಲ್ಲೂ ಒಂದು ಸೂಜಿ ಇದ್ದೀತೆಂಬ ಗುಮಾನಿಯಿಂದ ಎರಡು ಹೆಜ್ಜೆ ದೂರವೇ ನಿಲ್ಲುತ್ತಿದ್ದವು.

ವಾರಕ್ಕೆ ಎರಡು ದಿನ ಮಕ್ಕಳಿಗೆ ಲಸಿಕೆ. ಆ ಎರಡು ದಿನ ಅವಳು ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆದು, ಚಪ್ಪಲಿ ಬಿಡುವುದಕ್ಕೂ ಮುಂಚೆ ಫ್ರಿಜ್ಜಿನ ಮುಂದೆ ನಿಲ್ಲುತ್ತಿದ್ದಳು. ಅದರ ಹೊಟ್ಟೆಯೊಳಗೆ ಎಷ್ಟು ತಂಪಿದೆ ಎಂದು ನೋಡಿ, ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಿದ್ದಳು. ಸಂಜೆ ಹೊರಡುವಾಗ ಇನ್ನೊಮ್ಮೆ. ಮನೆಯ ಹಿರಿಯರನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು ಇದನ್ನು, ಸೆಕೆಯೂ ಆಗದು, ಚಳಿಯೂ ಆಗದು, ಎನ್ನುತ್ತಿದ್ದಳು. ಒಮ್ಮೆ ಹೊಸದಾಗಿ ಬಂದ ಗುಮಾಸ್ತನೊಬ್ಬ ತನ್ನ ಊಟದ ಡಬ್ಬಿಯನ್ನು ಅದರೊಳಗಿಟ್ಟು, ಮಧ್ಯಾಹ್ನ ಅದನ್ನು ಹೊರಗೆ ಗೇಟಿನ ಕಂಬದ ಮೇಲೆ ಕಂಡಿದ್ದ. ಅವಳು ಜಗಳವಾಡಿರಲಿಲ್ಲ. ಡಬ್ಬಿಯ ಮೇಲೆ ಒಂದು ಬಟ್ಟೆಯನ್ನೂ ಮುಚ್ಚಿದ್ದಳು, ಕಾಗೆ ಮುಟ್ಟದಿರಲೆಂದು.

ಕೈ ಮಾತ್ರ ಬಹಳ ಮೆದು. ಮಗುವಿನ ತೊಡೆ ಮುಟ್ಟುವ ಮುಂಚೆ ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದು ಅವಳ ರೂಢಿ. ತಾಯಂದಿರು ಏನಾದರೂ ಕೇಳಿದರೆ ಕತ್ತನ್ನು ಓರೆ ಮಾಡಿ, ಬಲಗೆನ್ನೆ ಮುಂದಿಟ್ಟು ಆಲಿಸುತ್ತಿದ್ದಳು. ಚುಚ್ಚಕ್ಕ ಎಷ್ಟು ಅಕ್ಕರೆಯಿಂದ ಕೇಳಿಸಿಕೊಳ್ಳುತ್ತಾಳೆ ನೋಡು ಎಂದು ಜನ ಹೇಳಿಕೊಳ್ಳುತ್ತಿದ್ದರು.

ನಿಜವೇನೆಂದರೆ, ಅವಳಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಏಳು ವರ್ಷದವಳಿದ್ದಾಗ ಮಂಗನಬಾವು ಬಂದು ಎರಡೂ ಕೆನ್ನೆ ಊದಿಕೊಂಡಿದ್ದವು. ಅಣ್ಣಂದಿರು ಗೇಲಿ ಮಾಡಿ ನಕ್ಕಿದ್ದರು, ಅವಳೂ ಕನ್ನಡಿ ನೋಡಿಕೊಂಡು ನಕ್ಕಿದ್ದಳು. ಹತ್ತು ದಿನಕ್ಕೆ ಕೆನ್ನೆ ಇಳಿಯಿತು. ಎಡಗಿವಿಯ ಸದ್ದು ಮಾತ್ರ ಹೋದದ್ದು ಹೋದಂತೆಯೇ ಆಯಿತು. ನರ್ಸಿಂಗ್ ಶಾಲೆಯ ಸಂದರ್ಶನಕ್ಕೆ ಹೋದಾಗ ಕುರ್ಚಿಯನ್ನು ತುಸು ತಿರುಗಿಸಿಕೊಂಡು ಕುಳಿತಳು, ಯಾರಿಗೂ ತಿಳಿಯಲಿಲ್ಲ. ಮುಂದೆ ಅದೇ ಅಭ್ಯಾಸವಾಯಿತು. ಕಿವುಡಿಯ ಕೈಗೆ ಮಕ್ಕಳನ್ನು ಕೊಟ್ಟಿದ್ದಾರೆ ಎಂದು ಯಾರಾದರೂ ಅಂದುಬಿಟ್ಟರೆ ಎಂಬ ಅಳುಕು ಮೂವತ್ತು ವರ್ಷವಾದರೂ ಅವಳ ಬೆನ್ನು ಬಿಟ್ಟಿರಲಿಲ್ಲ. ಗೊತ್ತಿದ್ದವನು ಗಂಡ ಒಬ್ಬನೇ. ಮದುವೆಯಾದ ವಾರದಲ್ಲೇ ಅವನು ಕಂಡುಹಿಡಿದು, ಒಂದು ಮಾತೂ ಆಡದೆ, ಅಂದಿನಿಂದ ಬೀದಿಯಲ್ಲಿ ಅವಳ ಬಲಗಡೆಗೇ ನಡೆಯುತ್ತಿದ್ದ.

ಒಂದು ವರ್ಷ, ತಿಂಗಳ ಕೊನೆಯ ರಿಜಿಸ್ಟರು ನೋಡುತ್ತಿದ್ದಾಗ ಒಂದು ಸಾಲು ಅವಳ ಕಣ್ಣಿಗೆ ಬಿತ್ತು. ನಾಲ್ಕು ತಿಂಗಳ ಗಂಡುಕೂಸು. ಹುಟ್ಟಿದ ದಿನ ಆಸ್ಪತ್ರೆಯಲ್ಲೇ ಹಾಕಿದ್ದು ಬರೆದಿತ್ತು. ಆಮೇಲೆ ಒಂದೂವರೆ ತಿಂಗಳಿನ ಅಂಕಣ ಖಾಲಿ, ಎರಡೂವರೆಯದು ಖಾಲಿ, ಮೂರೂವರೆಯದೂ ಖಾಲಿ. ಊರು ಬಿಟ್ಟಿದ್ದಾರೇನೋ ಎಂದುಕೊಂಡು ವಿಳಾಸ ನೋಡಿದರೆ, ಎರಡು ಬೀದಿಯಾಚೆಯ ಟೈಲರಮ್ಮನ ಮಗು. ಶಾಲೆಯ ಸಮವಸ್ತ್ರ ಹೊಲಿಯುವವಳು, ಚುಚ್ಚಕ್ಕ ದಿನಾ ಆ ಅಂಗಡಿಯ ಮುಂದೆಯೇ ಹಾದುಹೋಗುತ್ತಿದ್ದಳು. ಹಿರಿಯ ಹೆಣ್ಣುಮಗುವಿಗೆ ಒಂದೂವರೆ ವರ್ಷದವರೆಗಿನ ಎಲ್ಲವನ್ನೂ ತಪ್ಪದೆ ಹಾಕಿಸಿದವಳು. ಫೋನ್ ಮಾಡಿದರೆ ಎತ್ತಲಿಲ್ಲ. ಅವತ್ತೇ ಸಂಜೆ ಚುಚ್ಚಕ್ಕ ಅಲ್ಲಿಗೆ ಹೋದಳು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಎರಡು ಹೊಲಿಗೆ ಯಂತ್ರ. ಒಂದು ಓಡುತ್ತಿತ್ತು, ಕೆಟ್ಟುಹೋದ ಇನ್ನೊಂದರ ಮೇಲೆ ಮಡಚಿದ ಅಂಗಿಗಳ ರಾಶಿ. ಕಿಟಕಿಯ ಕೆಳಗೆ ತೊಟ್ಟಿಲು. ಟೈಲರಮ್ಮನ ಅತ್ತೆ ಗೋಡೆಗೊರಗಿ ಕುಳಿತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಹಿರಿಯ ಮಗಳು ನೆಲದ ಮೇಲೆ ಬಣ್ಣಬಣ್ಣದ ಗುಂಡಿಗಳನ್ನು ಸಾಲಾಗಿ ಇಡುತ್ತಿದ್ದಳು. ಹೊತ್ತಿಲ್ಲ ಗೊತ್ತಿಲ್ಲ, ಅವಳಿಗೆ ಅದೇ ಆಟ. ಹಾಗಾಗಿ ಮನೆಯಲ್ಲಿ ಅವಳ ಹೆಸರೇ ಗುಂಡಿ ಎಂದಾಗಿತ್ತು. ಲಾರಿ ಓಡಿಸುವ ಅಪ್ಪ ವಾರಕ್ಕೊಮ್ಮೆ ಬಂದುಹೋಗುವವನು.

ಚುಚ್ಚಕ್ಕನನ್ನು ಕಂಡದ್ದೇ ಟೈಲರಮ್ಮನ ಮುಖ ಬಿಗಿಯಿತು. ಬಂದ ಕಾರಣ ಹೇಳಿದಾಗ, ಬಟ್ಟೆಯಿಂದ ಕಣ್ಣೆತ್ತದೆ, “ಇವನಿಗೆ ನಾವು ಹಾಕಿಸಲ್ಲ” ಎಂದಳು.

ಚುಚ್ಚಕ್ಕ ಅಲ್ಲೇ ಎಡವಿದಳು. ಮೂವತ್ತು ವರ್ಷ ನೂರಾರು ಬಾಗಿಲಲ್ಲಿ ನಿಂತು ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತನ್ನು ಶುರು ಮಾಡಿಬಿಟ್ಟಳು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಎಂದು ಒಂದೊಂದೇ ರೋಗದ ಹೆಸರು ಹೇಳುತ್ತ ಹೋದಂತೆ ಯಂತ್ರದ ಸದ್ದು ಜೋರಾಯಿತು. ಮೂರನೆಯ ರೋಗಕ್ಕೆ ಬರುವಷ್ಟರಲ್ಲಿ ತನ್ನ ಮಾತು ತನಗೇ ಕೇಳಿಸುತ್ತಿರಲಿಲ್ಲ. ಟೈಲರಮ್ಮನ ಕಾಲು ಪೆಡಲಿನ ಮೇಲೆ, ಕಣ್ಣು ಸೂಜಿಯ ಮೇಲೆ. ಚುಚ್ಚಕ್ಕ ಮಾತು ನಿಲ್ಲಿಸಿ ಹೊರಗೆ ಬಂದಳು.

ಅತ್ತೆ ಹಿಂದೆಯೇ ಮೆಟ್ಟಿಲವರೆಗೆ ಬಂದು, ಸೊಸೆಯ ಮೇಲೆ ಬೇಜಾರು ಮಾಡಿಕೊಳ್ಳಬೇಡಿ ಎಂದಳು. ಸಂಗತಿ ಆಗ ಹೊರಬಿತ್ತು. ಗುಂಡಿಗೆ ಒಂದೂವರೆ ವರ್ಷದ ಚುಚ್ಚುಮದ್ದು ಹಾಕಿಸಿಕೊಂಡು ಬಂದ ದಿನ ಸಂಜೆ ಜ್ವರ ಏರಿ, ಮಗು ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದುಕೊಂಡು ಅದುರಿತಂತೆ. ಎರಡು ನಿಮಿಷವೋ ಮೂರು ನಿಮಿಷವೋ. ದೊಡ್ಡಾಸ್ಪತ್ರೆಗೆ ಒಯ್ಯುವಷ್ಟರಲ್ಲಿ ನಿಂತಿತ್ತು. ಜ್ವರದ ಫಿಟ್ಸು, ಏನೂ ಆಗಲ್ಲ, ಕರ್ಕೊಂಡು ಹೋಗಿ ಎಂದರಂತೆ ಅಲ್ಲಿಯವರು. ಮಗು ಮಾರನೆಯ ದಿನವೇ ಗುಂಡಿ ಆಡಿಕೊಂಡಿತ್ತು. ಸೊಸೆ ಮಾತ್ರ ಆರು ತಿಂಗಳು ಮಗುವನ್ನು ಕೈಯಿಂದ ಕೆಳಗಿಳಿಸಿರಲಿಲ್ಲವಂತೆ.

ಚುಚ್ಚಕ್ಕನಿಗೆ ಇದೊಂದೂ ತಿಳಿದಿರಲಿಲ್ಲ. ಆ ಸಂಜೆ ತಟ್ಟೆಯ ಅನ್ನ ಹಾಗೇ ಉಳಿಯಿತು. ಗಂಡ ತಟ್ಟೆ ನೋಡಿ, ಮುಖ ನೋಡಿ, ವಿಷಯ ಕೇಳಿ ತಿಳಿದುಕೊಂಡ. ಎಲ್ಲ ಕೇಳಿದ ಮೇಲೆ, ಮದ್ದಿನಿಂದ ಜ್ವರ ಬರೋದು ಇದ್ದದ್ದೇ ಅಲ್ಲವೇ ಎಂದ. ಇದ್ದದ್ದೇ. ಜ್ವರಕ್ಕೆ ಕೆಲವು ಮಕ್ಕಳಿಗೆ ಹಾಗಾಗುವುದೂ ಇದೆ, ಬಹಳ ಅಪರೂಪ. ನೋಡಿದವರ ಜೀವ ಹೋಗುತ್ತದೆ, ಮಗುವಿಗೆ ಮುಂದೆ ತೊಂದರೆ ಆಗುವುದಿಲ್ಲ. ಇಷ್ಟನ್ನೂ ಅವಳು ಬಲ್ಲಳು. ಬಲ್ಲದ್ದನ್ನು ಆವತ್ತು ಆ ತಾಯಿಗೆ ಹೇಳಿದ್ದಳೇ ಎಂಬುದು ಮಾತ್ರ ನೆನಪಿಗೆ ಬರಲಿಲ್ಲ. ನಲವತ್ತು ಮಕ್ಕಳಿದ್ದ ದಿನ, ಯಾರಿಗೆ ಹೇಳಿದೆ, ಯಾರಿಗೆ ಬಿಟ್ಟೆ?

“ಇನ್ನೊಂದ್ಸಲ ಹೋಗು,” ಎಂದ ಗಂಡ. “ಈ ಸಲ ಏನೂ ಹೇಳೋಕೆ ಹೋಗ್ಬೇಡ. ಏನಾಯ್ತು ಅಂತ ಕೇಳು ಅಷ್ಟೇ.”

ಎರಡು ದಿನ ಬಿಟ್ಟು ಹೋದಳು. ಟೈಲರಮ್ಮ ತಲೆಯೆತ್ತುವ ಮೊದಲೇ, ಬಾಗಿಲಲ್ಲಿ ನಿಂತೇ ಹೇಳಿದಳು: “ಗುಂಡಿಗೆ ಹಾಗಾಯ್ತು ಅಂತ ನನಗೆ ಗೊತ್ತಿರ್ಲಿಲ್ಲ ಕಣಮ್ಮ. ನಾನು ಚುಚ್ಚಿದ ಸಂಜೆ ಆಗಿದ್ದು ಅದು. ಏನೇನಾಯ್ತು ಅಂತ ನಿನ್ನ ಬಾಯಿಂದ ಕೇಳ್ಬೇಕು.”

ಯಂತ್ರ ನಿಂತಿತು. ಕೂತ್ಕೊಳ್ಳಿ ಎಂದು ಟೈಲರಮ್ಮ ಹೇಳಲಿಲ್ಲ, ಆದರೆ ಸ್ಟೂಲಿನ ಮೇಲಿದ್ದ ಬಟ್ಟೆಯ ಕಟ್ಟನ್ನು ಎತ್ತಿ ಕೆಳಗಿಟ್ಟಳು. ಚುಚ್ಚಕ್ಕ ಕುಳಿತಳು.

ಒಮ್ಮೆ ಶುರುವಾದ ಮೇಲೆ ಮಾತು ತಾನಾಗಿ ಹರಿಯಿತು. ತುಟಿ ನೀಲಿಗಟ್ಟಿದ್ದು, ತಾನು ಬರಿಗಾಲಲ್ಲಿ ಓಡಿದ್ದು, ಆಟೋದವನು ಗಲ್ಲಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ತಾನೂ ಅತ್ತದ್ದು. ಅತ್ತೆ ನಡುವೆ ಬಾಯಿ ಹಾಕಿ, ನಾಲಿಗೆ ಕಚ್ಚಿಕೊಂಡೀತೆಂದು ತಾನು ಬಾಯಿಗೆ ಚಮಚ ತುರುಕಿದ್ದನ್ನು ಹೇಳಿದಳು. ಹಾಗೆ ಮಾಡಬಾರದು ಎಂಬ ಮಾತು ಚುಚ್ಚಕ್ಕನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಅದನ್ನು ಹೇಳುವುದಕ್ಕೆ ಆಮೇಲೂ ಹೊತ್ತಿದೆ.

ಕೊನೆಗೆ ಟೈಲರಮ್ಮ ಅಂದಳು: “ಮದ್ದಿನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ ಅಕ್ಕ. ನಿಮ್ಮ ಮೇಲಿದೆ. ಜ್ವರ ಬಂದ್ರೆ ಏನ್ ಮಾಡ್ಲಿ ಅಂತ ಆವತ್ತು ಕೇಳ್ದೆ. ಎರಡು ಸಲ ಕೇಳ್ದೆ. ನೀವು ತಿರುಗಿಯೂ ನೋಡ್ಲಿಲ್ಲ. ಮುಂದಿನ ಮಗೂನ ಕರೆದ್ರಿ.”

ಚುಚ್ಚಕ್ಕ ಅವಳ ಕಡೆಗೆ ಬಾಗಿದಳು. “ನೀನು ಎಲ್ಲಿ ನಿಂತಿದ್ದೆ?”

“ಮೇಜಿನ ಪಕ್ಕ. ಕಿಟಕಿ ಹತ್ರ.”

ಕಿಟಕಿ ಇದ್ದದ್ದು ಎಡಗಡೆಗೆ. ಮೇಲೆ ಕಟಕಟ ಎನ್ನುವ ಫ್ಯಾನು, ಸುತ್ತ ಅಳುವ ಮಕ್ಕಳು. ಎಡಗಡೆಯಿಂದ ಬಂದ ಒಂದು ಮೆಲುದನಿ ಅವಳನ್ನು ಮುಟ್ಟುವ ದಾರಿಯೇ ಇರಲಿಲ್ಲ. ಹಾಗಾದರೆ ಇಷ್ಟು ವರ್ಷಗಳಲ್ಲಿ ಆ ಕಿಟಕಿಯ ಬಳಿ ನಿಂತು ಇನ್ನೆಷ್ಟು ಜನ ಕೇಳಿ, ಉತ್ತರ ಸಿಗದೆ ಹೋಗಿದ್ದಾರೋ. ಸುಳ್ಳು ಹೇಳುವುದು ಸುಲಭವಿತ್ತು. ಗದ್ದಲವಿತ್ತಮ್ಮ, ಕೇಳಿಸಲಿಲ್ಲ, ಎಂದರೆ ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

“ನನಗೆ ಈ ಕಿವಿ ಕೇಳಿಸಲ್ಲ,” ಎಂದಳು, ಎಡಗಿವಿಯನ್ನು ಮುಟ್ಟಿ. “ಚಿಕ್ಕೋಳಿದ್ದಾಗ ಮಂಗನಬಾವು ಬಂದು ಹೋಯ್ತು. ನಮ್ಮೋರು ಬಿಟ್ರೆ ಇದು ಇನ್ಯಾರಿಗೂ ಗೊತ್ತಿಲ್ಲ. ನೀನು ಕೇಳಿದ್ದು ನನಗೆ ಕೇಳಿಸ್ಲೇ ಇಲ್ಲ. ಅದು ನಿನ್ನ ತಪ್ಪಲ್ಲ. ನಾನು ಮುಚ್ಚಿಟ್ಟಿದ್ದು ನನ್ನ ತಪ್ಪು.”

ಅತ್ತೆಯ ಸೂಜಿ ನಿಂತಿತು. ಟೈಲರಮ್ಮ ಎದ್ದು, ನಂಬಬೇಕೋ ಬೇಡವೋ ತಿಳಿಯದವಳಂತೆ ಚುಚ್ಚಕ್ಕನ ಎಡಕ್ಕೆ ಬಂದು, ತುಸು ಹಿಂದೆ ನಿಂತು, ಮೆಲ್ಲಗೆ ಏನೋ ಹೇಳಿದಳು. ಚುಚ್ಚಕ್ಕ ಎದುರಿನ ಗೋಡೆಯನ್ನೇ ನೋಡುತ್ತ ಕುಳಿತಿದ್ದಳು. ಅಮ್ಮ ಮಾತಾಡುತ್ತಿದ್ದರೂ ನರ್ಸಮ್ಮ ಬೊಂಬೆಯ ಹಾಗೆ ಕುಳಿತದ್ದು ಕಂಡು ಗುಂಡಿ ಕಿಸಕ್ಕನೆ ನಕ್ಕಳು. ಆ ನಗು ಬಲಗಿವಿಗೆ ಬಿದ್ದು ಚುಚ್ಚಕ್ಕ ತಿರುಗಿದಳು.

“ಏನಂದೆ?”

ಟೈಲರಮ್ಮನ ಕಣ್ಣಲ್ಲಿ ನೀರಿತ್ತು. “ಎರಡು ವರ್ಷದಿಂದ ನಿಮಗೆ ಶಾಪ ಹಾಕ್ತಿದ್ದೆ ಅಂದೆ,” ಎಂದಳು.

“ಆ ಕಿವೀಲಿ ಹೇಳಿದ್ದು ಒಳ್ಳೇದಾಯ್ತು ಬಿಡು,” ಎಂದಳು ಚುಚ್ಚಕ್ಕ. ಮೊದಲು ನಕ್ಕವಳು ಅತ್ತೆ. ಆಮೇಲೆ ಮೂವರೂ ಕಣ್ಣು ಒರೆಸಿಕೊಂಡು ನಕ್ಕರು. ತೊಟ್ಟಿಲಲ್ಲಿದ್ದ ಕೂಸು ಸದ್ದಿಗೆ ಎಚ್ಚೆತ್ತು ಅಳತೊಡಗಿತು.

ಮಗುವಿಗೆ ಹಾಲು ಕುಡಿಸುತ್ತ ಟೈಲರಮ್ಮ ತನ್ನ ಪ್ರಶ್ನೆಗಳನ್ನು ಕೇಳಿದಳು. ಎರಡು ವರ್ಷದಿಂದ ಎದೆಯಲ್ಲಿ ಕೂಡಿಟ್ಟುಕೊಂಡವು. ಈ ಸಲ ಅವಳು ಬಲಗಡೆಗೆ ಕುಳಿತಿದ್ದಳು. ಗುಂಡಿಯ ತಲೆಗೆ ಒಳಗೆ ಏನಾದರೂ ಪೆಟ್ಟಾಗಿದೆಯೇ ಎಂದು ಮೊದಲು ಕೇಳಿದಳು. ಚುಚ್ಚಕ್ಕ ಇಲ್ಲವೆಂದಳು. ಜ್ವರದ ಫಿಟ್ಸು ಯಾವ ಜ್ವರಕ್ಕೂ ಬರಬಹುದು, ನೆಗಡಿಯ ಜ್ವರಕ್ಕೂ. ಐದಾರು ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ಮಕ್ಕಳಿಗೆ ಬಿಟ್ಟುಹೋಗುತ್ತದೆ. ಬಂದರೆ ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನೂ ಇಡಬಾರದು, ಗಡಿಯಾರ ನೋಡಬೇಕು, ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಬೇಕು. ಚಮಚದ ಮಾತು ಬಂದಾಗ ಅತ್ತೆ ತಲೆ ತಗ್ಗಿಸಿದಳು. ನಿಮ್ಮ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು ಅಮ್ಮ ಎಂದು ಚುಚ್ಚಕ್ಕ ಅವಳ ಮೊಣಕೈ ಮುಟ್ಟಿದಳು.

“ಇವನಿಗೆ ಹಾಗಾಗಲ್ಲ ಅಂತ ಮಾತು ಕೊಡ್ತೀರಾ?” ಎಂದಳು ಟೈಲರಮ್ಮ.

“ಕೊಡಲ್ಲ,” ಎಂದಳು ಚುಚ್ಚಕ್ಕ. “ಜ್ವರ ಬರಬಹುದು, ಬರುತ್ತೆ ಅಂತಲೇ ಇಟ್ಕೋ. ಇಷ್ಟು ಎಳೇ ಮಕ್ಕಳಿಗೆ ಆ ಫಿಟ್ಸು ಬರೋದು ತೀರಾ ಅಪರೂಪ. ಅಕ್ಕನಿಗೆ ಆಗಿದ್ರಿಂದ, ಇವನು ಸ್ವಲ್ಪ ದೊಡ್ಡವನಾದ ಮೇಲೆ ಬೇರೆ ಮಕ್ಕಳಿಗಿಂತ ಒಂಚೂರು ಹೆಚ್ಚು ಸಾಧ್ಯತೆ ಇದೆ. ಅದನ್ನೂ ಮುಚ್ಚಿಡಲ್ಲ. ಆದ್ರೆ ನಾಯಿಕೆಮ್ಮು ಬಂದ ನಾಲ್ಕು ತಿಂಗಳ ಕೂಸನ್ನ ನಾನು ನೋಡಿದ್ದೀನಿ. ಉಸಿರು ಎಳ್ಕೊಳ್ಳೋಕೆ ಆಗ್ದೆ ಒದ್ದಾಡ್ತಿತ್ತು. ಇವನಿಗೆ ಹಾಕಿಸ್ಬೇಕು ಅನ್ನೋದು ನನ್ನ ಆಸೆ. ಹಾಕಿಸಿದ ಸಂಜೆ ನಾನು ಇಲ್ಲೇ ಬಂದು ಕೂರ್ತೀನಿ.”

ಅವರಪ್ಪ ಬರಲಿ, ಕೇಳುತ್ತೇನೆ ಎಂದಳು ಟೈಲರಮ್ಮ.

ಮರುದಿನ ಬೆಳಿಗ್ಗೆ ಚುಚ್ಚಕ್ಕ ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಮುಚ್ಚಿ ನಿಂತಳು. ಡಾಕ್ಟರು ಅವಳ ಮಗಳ ವಯಸ್ಸಿನ ಹೆಂಗಸು. ಗುಂಡಿಯ ಸಂಗತಿಯನ್ನೂ ಎಡಗಿವಿಯ ಸಂಗತಿಯನ್ನೂ ಒಂದೇ ಉಸಿರಿಗೆ ಹೇಳಿ, ಕೆಲಸ ಹೋದರೆ ಹೋಗಲಿ ಎಂದು ಕಾಲು ಗಟ್ಟಿಮಾಡಿಕೊಂಡು ಕಾದಳು. ಡಾಕ್ಟರು ಮೊದಲು ಗುಂಡಿಗೆ ಆದದ್ದನ್ನು ವಿವರವಾಗಿ ಕೇಳಿ ಬರೆದುಕೊಂಡರು. ಲಸಿಕೆಯ ನಂತರ ಏನಾದರೂ ಆದರೆ ಕಳಿಸುವ ವರದಿಯನ್ನು, ತಡವಾದರೂ ಸರಿ, ಕಳಿಸಬೇಕು ಎಂದರು. ಆಮೇಲೆ ಎದ್ದು ಲಸಿಕೆಯ ಕೋಣೆಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದರು.

“ಮೇಜು ಆ ಗೋಡೆಗೆ ಹಾಕಿದ್ರೆ ಎಲ್ರೂ ನಿಮ್ಮ ಬಲಗಡೆಗೇ ನಿಲ್ತಾರೆ, ಅಲ್ವಾ?” ಎಂದರು.

ಅಷ್ಟೇ. ಇಬ್ಬರೂ ಸೇರಿ ಮೇಜು ಎಳೆದರು, ಗುಮಾಸ್ತ ಓಡಿಬಂದು ಒಂದು ಕೊನೆ ಹಿಡಿದ. ಮೂವತ್ತು ವರ್ಷ ಹೊತ್ತು ತಿರುಗಿದ್ದು ಐದು ನಿಮಿಷದ ಕೆಲಸವಾಗಿ ಮುಗಿದುಹೋದಾಗ ಚುಚ್ಚಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಂಜೆ ಗಂಡನಿಗೆ ಹೇಳಿದರೆ ಅವನು, “ನಾನು ನಿನ್ನ ಬಲಗಡೆಗೆ ನಡೆದೂ ನಡೆದೂ ನನ್ನ ಎಡಭುಜ ಸವೆದುಹೋಯ್ತು, ನಿನಗೆ ಮೇಜು ಸರಿಸೋಕೆ ಈಗ ಬುದ್ಧಿ ಬಂತಾ?” ಎಂದ.

ಒಂದು ವಾರ ಕಳೆಯಿತು. ಇನ್ನೊಂದು ವಾರವೂ ಕಳೆಯುತ್ತ ಬಂತು. ಚುಚ್ಚಕ್ಕ ಆ ಬೀದಿಯಲ್ಲಿ ಹೋಗುವಾಗ ತಲೆಯಾಡಿಸಿ ನಗುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಒಂದು ಲಸಿಕೆಯ ದಿನ ಬೆಂಚು ಖಾಲಿಯಾಗಿ, ಐಸ್ ಪೆಟ್ಟಿಗೆಯ ಮುಚ್ಚಳ ಹಾಕಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ನೆರಳಾಡಿತು. ಟೈಲರಮ್ಮ, ಎದೆಗವಚಿದ ಕೂಸು, ಹಿಂದೆ ಅತ್ತೆ, ಅತ್ತೆಯ ಬೆರಳು ಹಿಡಿದ ಗುಂಡಿ. ಎರಡೂ ಮಕ್ಕಳ ಲಸಿಕೆ ಕಾರ್ಡುಗಳು ಒಂದು ಬಟ್ಟೆಯ ಚೀಲದಲ್ಲಿ ಮಡಿಕೆಯಾಗದಂತೆ ಇದ್ದವು. ಸಿಟ್ಟಿನ ಆ ಎರಡು ವರ್ಷದಲ್ಲೂ ಅವಳು ಅವನ್ನು ಎಸೆದಿರಲಿಲ್ಲ.

ಮೊದಲು ಮದ್ದು ನೋಡಬೇಕು ಎಂದಳು ಟೈಲರಮ್ಮ. ಚುಚ್ಚಕ್ಕ ಸೀಸೆಯನ್ನು ಅವಳ ಅಂಗೈಯಲ್ಲೇ ಇಟ್ಟಳು. ಮೇಲೆ ಬರೆದ ತಾರೀಕು ತೋರಿಸಿದಳು. ಬಿಸಿ ತಾಗಿದರೆ ಕಪ್ಪಾಗುವ ಪುಟ್ಟ ಚೌಕವನ್ನು ತೋರಿಸಿ, ಈಗ ಬೆಳ್ಳಗಿದೆ ನೋಡು ಎಂದಳು. ಇಷ್ಟು ತಡವಾಗಿದೆಯಲ್ಲ, ಹುಟ್ಟಿದಾಗ ಹಾಕಿದ್ದನ್ನೂ ಮತ್ತೆ ಹಾಕಬೇಕೇ ಎಂದು ಅತ್ತೆ ಕೇಳಿದಳು. ಬೇಡ, ನಿಂತಲ್ಲಿಂದ ಮುಂದುವರಿಸಿದರೆ ಸಾಕು ಎಂದಾಗ ಅವಳಿಗೆ ಎಷ್ಟೋ ಹಗುರವಾಯಿತು.

ಮೊದಲು ನಾಲಿಗೆಯ ಮೇಲೆ ಹನಿ. ಆಮೇಲೆ ಮಗುವಿಗೆ ಹಾಲು ಕೊಡು, ಕುಡಿಯುವಾಗಲೇ ಚುಚ್ಚುತ್ತೇನೆ, ನೋವು ಕಡಿಮೆ ಗೊತ್ತಾಗುತ್ತದೆ ಎಂದು ಹೇಳಿ, ಚುಚ್ಚಕ್ಕ ಅಂಗೈ ಉಜ್ಜಿಕೊಂಡಳು. ಸೂಜಿ ತಾಗಿದಾಗ ಕೂಸು ಬಾಯಿ ಬಿಟ್ಟು, ಅಮ್ಮನ ಮುಖ ನೋಡಿ, ಇದೇನು ಮೋಸ ಎನ್ನುವ ಹಾಗೆ ಒಂದು ಕ್ಷಣ ತಡೆದು, ಕೇಂದ್ರದ ಸೂರೇ ಹಾರಿಹೋಗುವಂತೆ ಅತ್ತಿತು. ಎರಡನೆಯದು ಮುಗಿಯುವಷ್ಟರಲ್ಲಿ ಟೈಲರಮ್ಮನೂ ಅಳುತ್ತಿದ್ದಳು. ಐದು ನಿಮಿಷಕ್ಕೆ ಕೂಸು ಮತ್ತೆ ಹಾಲಿಗೆ ತಿರುಗಿತು. ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿಕೊಂಡು, ಮೈಮೇಲೆ ದದ್ದೆದ್ದಿಲ್ಲ, ಉಸಿರು ಸರಿಯಾಗಿದೆ ಎಂದು ನೋಡಿದ ಮೇಲೆಯೇ ಚುಚ್ಚಕ್ಕ ಅವರನ್ನು ಬಿಟ್ಟದ್ದು.

ಆಡಿದ ಮಾತಿನಂತೆ ಕೆಲಸ ಮುಗಿದದ್ದೇ ಅವಳು ಅಲ್ಲಿಗೆ ಹೋದಳು. ಐದೂವರೆಯ ಹೊತ್ತಿಗೆ ಕೂಸಿನ ಹಣೆ ಬೆಚ್ಚಗಾಯಿತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ನೂರೊಂದು. ಟೈಲರಮ್ಮ ಅಂಕಿಯನ್ನು ಎರಡೆರಡು ಸಲ ನೋಡಿದಳು. ಡಾಕ್ಟರು ಮಗುವಿನ ತೂಕ ನೋಡಿ ಬರೆದುಕೊಟ್ಟಷ್ಟೇ ಜ್ವರದ ಔಷಧಿಯನ್ನು ಚುಚ್ಚಕ್ಕ ಅವಳ ಕೈಯಿಂದಲೇ ಹಾಕಿಸಿದಳು. ಮೈಮೇಲಿನ ಎರಡನೆಯ ಅಂಗಿ ತೆಗೆಸಿದಳು. ಇನ್ನು ಹೆದರಿಕೆಗೆ ಏನಾದರೂ ಕೆಲಸ ಕೊಡಬೇಕು ಎಂದು ತೋರಿ, ಅಳತೆಗೆ ಕತ್ತರಿಸುವ ಕಂದು ಕಾಗದದ ತುಂಡೊಂದನ್ನು ಟೈಲರಮ್ಮನ ಮುಂದಿಟ್ಟು, ಅರ್ಧ ಗಂಟೆಗೊಮ್ಮೆ ನೋಡಿ ಬರೆ ಎಂದಳು. ತಾನು ಅತ್ತೆಯ ಪಕ್ಕ ಕುಳಿತು ಗುಂಡಿ ಹೊಲಿಯಲು ಹೋಗಿ, ಎರಡು ಅಂಗಿಗೆ ತಲೆಕೆಳಗಾಗಿ ಹೊಲಿದಳು.

“ಮಕ್ಕಳಿಗೆ ಚುಚ್ಚೋದಷ್ಟೇ ಬರೋದಾ ನಿಮಗೆ?” ಎಂದು ಅತ್ತೆ ಅವನ್ನು ಬಿಚ್ಚತೊಡಗಿದಳು.

ಆರಕ್ಕೆ ನೂರೊಂದು. ಆರೂವರೆಗೆ ನೂರೂವರೆ. ಏಳಕ್ಕೆ ನೂರು. ಕಾಗದದ ಮೇಲಿನ ಅಂಕಿಗಳು ಮೊದಲು ನಡುಗಿದ್ದವು, ಬರಬರುತ್ತ ಟೈಲರಮ್ಮ ಬಟ್ಟೆಯ ಅಳತೆ ಬರೆಯುವಷ್ಟೇ ದುಂಡಗಾದವು. ಏಳೂವರೆಗೆ ಮಗು ಬೆವರಿ, ಹಾಲು ಕುಡಿದು, ಮುಷ್ಟಿ ಬಿಚ್ಚಿ ಮಲಗಿತು. ತೊಡೆಯ ಮೇಲೆ ಒಂದಿಷ್ಟು ಗಟ್ಟಿಯಾದದ್ದನ್ನು ಮುಟ್ಟಿ ತೋರಿಸಿ, ಇದೂ ಇಳಿಯುತ್ತದೆ, ತಿಕ್ಕಬೇಡ ಎಂದಳು ಚುಚ್ಚಕ್ಕ. ಹೊರಡಲು ಎದ್ದಾಗ ಟೈಲರಮ್ಮ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಮುಂದಿನ ಎರಡು ಸರದಿ ತಿಂಗಳಿಗೊಂದರಂತೆ ಮುಗಿದವು. ಎರಡನೆಯದಕ್ಕೂ ಚುಚ್ಚಕ್ಕ ಸಂಜೆ ಹೋಗಿ ಕುಳಿತಳು. ಮೂರನೆಯದಕ್ಕೆ ಟೈಲರಮ್ಮನೇ ಬೇಡ ಎಂದಳು. ಒಂಬತ್ತು ತಿಂಗಳಿಗೆ ದಡಾರದ್ದೂ ಆಯಿತು. ಇದರ ಜ್ವರ ಬಂದರೆ ಅದೇ ದಿನ ಬರುವುದಿಲ್ಲ, ಒಂದು ವಾರ ಕಳೆದು ಬರಬಹುದು ಎಂಬುದನ್ನು ಅವಳು ಕಾರ್ಡಿನ ಹಿಂದೆ ಬರೆದುಕೊಂಡಳು. ಒಂದೂವರೆ ವರ್ಷದ್ದು ಎಲ್ಲಕ್ಕಿಂತ ಕಷ್ಟದ ದಿನ, ಅಕ್ಕನಿಗೆ ಹಾಗಾದದ್ದೇ ಆ ವಯಸ್ಸಿನಲ್ಲಿ. ಜ್ವರ ಬಂತು. ಫಿಟ್ಸು ಬರಲಿಲ್ಲ. ಬೆಳಿಗ್ಗೆ ಚುಚ್ಚಕ್ಕನ ಫೋನಿಗೆ ಟೈಲರಮ್ಮನಿಂದ ನಾಲ್ಕು ಅಂಕಿ ಮಾತ್ರ ಬಂದಿದ್ದವು, ಒಂದಕ್ಕಿಂತ ಒಂದು ಕಡಿಮೆ.

ಲಸಿಕೆಯ ಕೋಣೆಯಲ್ಲಿ ಚುಚ್ಚಕ್ಕ ಇನ್ನೊಂದು ಅಭ್ಯಾಸವನ್ನೂ ಬದಲಿಸಿಕೊಂಡಿದ್ದಳು. ತಾನು ಹೇಳಿದ್ದೇನೆ ಎಂಬ ನಂಬಿಕೆಯನ್ನೇ ಬಿಟ್ಟಳು. ಬೆಂಚಿನಿಂದ ಏಳುವ ಮುಂಚೆ ಪ್ರತಿ ತಾಯಿಯನ್ನೂ ನಿಲ್ಲಿಸಿ, “ಜ್ವರ ಬಂದ್ರೆ ಏನ್ ಮಾಡ್ತೀಯಾ, ನನಗೆ ಹೇಳು ನೋಡೋಣ” ಎನ್ನುತ್ತಿದ್ದಳು. ಏನೂ ಆಗಲ್ಲ ಹೋಗಿ ಎಂಬ ಮಾತು ಅವಳ ಬಾಯಿಂದ ಬರುವುದು ನಿಂತುಹೋಯಿತು. ಸಾಲು ಉದ್ದವಾಗುತ್ತಿತ್ತು, ಗುಮಾಸ್ತ ಗೊಣಗುತ್ತಿದ್ದ. ನಾಚಿಕೆಯ ಹುಡುಗಿಯರು ತಡವರಿಸಿ ಹೇಳುತ್ತಿದ್ದರು, ಎರಡನೆಯ ಮಗುವಿನ ತಾಯಂದಿರು ಪಟಪಟನೆ ಒಪ್ಪಿಸುತ್ತಿದ್ದರು. ಯಾರಾದರೂ ಮೆಲ್ಲಗೆ ಮಾತಾಡಿದರೆ, ಈ ಕಡೆ ಬಾಮ್ಮ, ಆ ಕಿವಿ ಕೇಳಿಸಲ್ಲ ನನಗೆ, ಎಂದು ಅಂಜಿಕೆಯಿಲ್ಲದೆ ಹೇಳುತ್ತಿದ್ದಳು. ಕಿವುಡಿ ಎಂದು ಯಾರೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಎಡಗಡೆ ನಿಂತು ಆಡಿಕೊಂಡಿರಬೇಕು ಎಂದ ಗಂಡ.

ಗುಂಡಿಗೆ ಐದು ತುಂಬಿತು. ಅವಳ ಸರದಿಯ ದಿನ ಅತ್ತೆ ಚಿಕ್ಕವನನ್ನು ಎತ್ತಿಕೊಂಡು ಹೊರಗೆ ನಿಂತಳು. ಟೈಲರಮ್ಮ ಮಗಳ ಪಕ್ಕ ಕುಳಿತಳು. ಕೈ ಹಿಡಿದುಕೊಳ್ಳಲೇ ಎಂದರೆ ಗುಂಡಿ ಬೇಡವೆಂದಳು. ಹೊಸ ಸಮವಸ್ತ್ರದ ತೋಳನ್ನು ತಾನೇ ಮಡಚಿಕೊಂಡು, ಚುಚ್ಚಕ್ಕನನ್ನು ನೆಟ್ಟಗೆ ನೋಡಿ ಕೇಳಿದಳು: “ನೋವಾಗುತ್ತಾ?”

“ಆಗುತ್ತೆ.”

“ಎಷ್ಟು?”

ಚುಚ್ಚಕ್ಕ ಸ್ವಲ್ಪ ಯೋಚಿಸಿದಳು. “ನೀನು ಹತ್ತು ಎಣಿಸೋವಷ್ಟು. ನಾಳೆ ತೋಳು ಎತ್ತೋವಾಗ ಇನ್ನೊಂಚೂರು.”

ಗುಂಡಿ ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. ನ್ಯಾಯವೆಂದು ತೋರಿರಬೇಕು, ತೋಳನ್ನು ಮುಂದೆ ಚಾಚಿದಳು. ಚುಚ್ಚಕ್ಕ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಗುಂಡಿ ಗಟ್ಟಿಯಾಗಿ ಎಣಿಸತೊಡಗಿದಳು, ನಾಲ್ಕಕ್ಕೆ ತುಟಿ ಕಚ್ಚಿದಳು, ಆರಾದ ಮೇಲೆ ಏಳನ್ನು ಬಿಟ್ಟು ಎಂಟಕ್ಕೆ ಹಾರಿದಳು. ಅಷ್ಟರಲ್ಲಿ ಮುಗಿದಿತ್ತು. ಅವಳಿಗದು ತಿಳಿಯದೆ ಕಣ್ಣು ಮುಚ್ಚಿಕೊಂಡೇ ಎಣಿಸುತ್ತಿದ್ದಳು, ಹತ್ತಾದ ಮೇಲೆ ಹನ್ನೊಂದು, ಹನ್ನೆರಡು. ಟೈಲರಮ್ಮನಾಗಲಿ ಚುಚ್ಚಕ್ಕನಾಗಲಿ ಅವಳನ್ನು ತಡೆಯಲಿಲ್ಲ.